ಮಧ್ಯಾಹ್ನದ ಪಾಳಿ

ಫೆಬ್ರವರಿ 3, ಸೋಮವಾರ

ಇವತ್ತಿನಿಂದ ಮನೆಯಲ್ಲಿ ಮೂರು ಜನ. ಅಮ್ಮ, ನಾನು, ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ಆಯಾ.

ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಮೂರು ವಾರವಾಯಿತು. ಡಾಕ್ಟರು ಒಳಗೊಂದು ಕಂಬಿ ಕೂರಿಸಿ, ಹೊರಗೊಂದು ವಾಕರ್ ಕೊಟ್ಟು, "ಇನ್ನು ನಡೆಸೋದು ನಿಮ್ಮ ಕೆಲಸ" ಎಂದು ಕೈತೊಳೆದುಕೊಂಡರು. ನಾನು ಹದಿನೈದು ದಿನ ರಜೆ ಹಾಕಿದೆ. ಹದಿನಾರನೆಯ ದಿನ ಬಸ್ ಡಿಪೋ ಮ್ಯಾನೇಜರು ಫೋನು ಮಾಡಿ ಬಹಳ ಮರ್ಯಾದೆಯಿಂದ ಮಾತಾಡಿದರು. ವರ್ಷವರ್ಷವೂ ಗುತ್ತಿಗೆ ನವೀಕರಿಸಿಕೊಳ್ಳುವ ನನ್ನಂಥ ಗುಮಾಸ್ತೆಯ ಹತ್ತಿರ ಮೇಲಿನವರು ಮರ್ಯಾದೆಯಿಂದ ಮಾತಾಡಿದರೆ ಮಾರನೆಯ ದಿನವೇ ಹಾಜರಾಗುವುದು ಕ್ಷೇಮ.

ಆಯಾಳನ್ನು ಗೊತ್ತು ಮಾಡಿದ್ದು ದೂರದಲ್ಲಿರುವ ಅಣ್ಣ. ಏಜೆನ್ಸಿಯ ಅರ್ಧ ಖರ್ಚು ಅವನದು, ಅರ್ಧ ಅಮ್ಮನ ಪೆನ್ಷನ್ನಿನದು, ಪೂರ್ತಿ ಉಸ್ತುವಾರಿ ನನ್ನದು. ಏಜೆನ್ಸಿಯ ಕಾಗದದಲ್ಲಿ ಅವಳ ವಯಸ್ಸು ಐವತ್ತೆಂಟು. ತಲೆಗೂದಲು ನೋಡಿದರೆ ಇಪ್ಪತ್ತೆಂಟು, ಬೂಟ್ ಪಾಲಿಶ್ ತಿಕ್ಕಿದಷ್ಟು ಕಪ್ಪು. ಮಂಡಿಯದು ಮಾತ್ರ ಬೇರೆಯೇ ಕಥೆ. ಚಪ್ಪಲಿ ಬಿಡುವುದಕ್ಕೂ ಗೋಡೆ ಹಿಡಿದಳು.

ಅಮ್ಮ ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವಳು, ಕೊನೆಯ ಹದಿನೈದು ವರ್ಷ ಸೂಪರ್‌ವೈಸರ್. ಮಲಗಿದಲ್ಲಿಂದಲೇ ಸಂದರ್ಶನ ಶುರು ಮಾಡಿದಳು.

"ಇಲ್ಲೀತನಕ ಎಷ್ಟು ಜನರನ್ನ ನೋಡ್ಕೊಂಡಿದ್ದೀಯಮ್ಮ?"

"ನೀವು ಹನ್ನೆರಡನೆಯವರು."

"ಉಳಿದ ಹನ್ನೊಂದು ಜನ ಏನಾದ್ರು?"

"ಏಳು ಜನ ಎದ್ದು ಓಡಾಡಿದ್ರು. ನಾಲ್ಕು ಜನ ಹೋಗ್ಬಿಟ್ರು. ಎರಡರಲ್ಲಿ ಯಾವುದಾದ್ರೂ ನನ್ನ ಕೆಲಸ ಹೋಗುತ್ತೆ ಅಮ್ಮಾವ್ರೇ."

ಅಮ್ಮ ನಕ್ಕಳು. ಮೂರು ವಾರದಲ್ಲಿ ಮೊದಲ ಸಲ. ನನಗೆ ನಗು ಬರಲಿಲ್ಲ. ಬಂದ ದಿನವೇ ಹೋಗುವ ಮಾತಾಡುವವಳು ಎಷ್ಟು ದಿನ ನಿಂತಾಳು?

ಆಯಾ ಬಂದಳು, ಆರಾಮ ತಂದಳು. ಪ್ರಾಸಕ್ಕೇನೋ ಸರಿ, ನಿಜವೇ ಎಂದು ನೋಡಬೇಕು.

ಫೆಬ್ರವರಿ 6, ಗುರುವಾರ

ನೋಡಿದ್ದಾಯಿತು. ನಿಧಾನ ಎಂದರೆ ನಿಧಾನ. ಅಮ್ಮನಿಗೆ ಮೈ ತೊಳೆಸಲು ಒಂದೂವರೆ ಗಂಟೆ. ನಮ್ಮ ಡಿಪೋದಲ್ಲಿ ಅಷ್ಟು ಹೊತ್ತಿನಲ್ಲಿ ನಾಲ್ಕು ಬಸ್ಸು ತೊಳೆಯುತ್ತಾರೆ, ಒಳಗೂ ಹೊರಗೂ. ಮಾತ್ರೆಯ ಚೀಟಿಯನ್ನು ತೋಳುದ್ದ ದೂರ ಹಿಡಿದು ಓದುತ್ತಾಳೆ. ಎಲ್ಲಕ್ಕಿಂತ ಹೆಚ್ಚಾಗಿ, ಅಮ್ಮನನ್ನು ಎತ್ತುವುದೇ ಇಲ್ಲ. ಎದುರಿಗೆ ನಿಂತು ಕಾಯುತ್ತಾಳೆ.

"ಮುಂದಕ್ಕೆ ಬಾಗಿ. ಇನ್ನೂ ಬಾಗಿ. ಮೂಗು ಮಂಡಿ ದಾಟಿ ಮುಂದಕ್ಕೆ ಬರ್ಲಿ. ಹಾಂ, ಈಗ ಏಳಿ."

"ಎತ್ತಬಾರದೇನಮ್ಮ? ಅವಳಿಗೆ ನೋವಾಗ್ತಿದೆ," ಎಂದೆ.

"ಎತ್ತಿದ್ರೆ ನಾಳೆನೂ ನಾನೇ ಎತ್ತಬೇಕು ಮೇಡಂ."

ಸೋಮಾರಿತನಕ್ಕೆ ಇಷ್ಟು ಚಂದದ ಸಮರ್ಥನೆಯನ್ನು ನಮ್ಮ ಮೆಕ್ಯಾನಿಕ್ಕುಗಳೂ ಕೊಟ್ಟಿಲ್ಲ.

ಡಿಪೋ ಗೋಡೆಗೆ ಹೊಸ ಸುರಕ್ಷತಾ ಸಾಲು ಬೇಕೆಂದು ಮ್ಯಾನೇಜರು ಕೇಳಿದ್ದರು. "ಕನ್ನಡಿ ನೋಡು, ಆಮೇಲೆ ಓಡು" ಎಂದು ಬರೆದುಕೊಟ್ಟೆ. ಡ್ರೈವರುಗಳು ಅದರ ಕೆಳಗೆ ಬಾಚಣಿಗೆಯ ಚಿತ್ರ ಬಿಡಿಸಿದ್ದಾರೆ.

ಫೆಬ್ರವರಿ 15, ಶನಿವಾರ

ಪ್ರತಿ ಶನಿವಾರ ಏಜೆನ್ಸಿಗೆ ಒಂದು ಫಾರಂ ತುಂಬಿ ಕಳಿಸಬೇಕು. ಆಯಾ ಸರಿಯಾದ ಹೊತ್ತಿಗೆ ಬರುತ್ತಾಳೆಯೇ, ಹೌದು. ಸಭ್ಯಳೇ, ಹೌದು. ರೋಗಿ ಸಹಾಯವಿಲ್ಲದೆ ನಡೆಯುತ್ತಾರೆಯೇ, ಇಲ್ಲ. ಈ ಕೊನೆಯದಕ್ಕೆ "ಹೌದು" ಎಂದ ತಿಂಗಳ ಕೊನೆಗೆ ಆಯಾ ಬೇರೆ ಮನೆಗೆ.

ಅಣ್ಣನ ಫೋನು. "ಇನ್ನೂ ಇಲ್ವಾ?"

"ಐದು ವಾರಕ್ಕೆ ಓಡ್ತಾಳೇನೋ?"

"ಹಾಗಲ್ಲ ಕಣೇ. ಮಕ್ಕಳ ಫೀಸು ಬೇರೆ ಇದೆ, ಅದಕ್ಕೇ ಕೇಳ್ದೆ."

ಅವನ ಮಾತಿನಲ್ಲಿ ಕಪಟವಿಲ್ಲ. ಅದಕ್ಕೇ ಸಿಟ್ಟು ಮಾಡಲೂ ಆಗುವುದಿಲ್ಲ.

ಫೆಬ್ರವರಿ 24, ಸೋಮವಾರ

ಅಮ್ಮ ಈಗ ಆಯಾಳನ್ನು ಅಕ್ಕ ಎನ್ನುತ್ತಾಳೆ. ಅರವತ್ತೊಂಬತ್ತಕ್ಕೆ ಐವತ್ತೆಂಟು ಅಕ್ಕ ಆಗುವುದು ಹೇಗೆ? ಟೆಲಿಫೋನಿನಲ್ಲಿದ್ದವಳಲ್ಲವೇ, ರಾಂಗ್ ನಂಬರ್ ಇರಬೇಕು.

ನಡಿಗೆ ಮಾತ್ರ ಇದ್ದಲ್ಲೇ ಇದೆ. ಸಂಜೆ ನಾನು ಬರುವಷ್ಟರಲ್ಲಿ ನರಳಾಟ ಶುರು. ಗೇಟಿನ ಸದ್ದಿಗೂ ನರಳಾಟಕ್ಕೂ ಎಷ್ಟು ಹೊಂದಾಣಿಕೆ ಎಂದರೆ, ನಮ್ಮ ಬಸ್ಸುಗಳು ಇವಳಿಂದ ಕಲಿಯಬೇಕು.

ಮಾರ್ಚ್ 11, ಮಂಗಳವಾರ

ಡಿಪೋದಲ್ಲಿ ನೀರಿನ ಪೈಪು ಒಡೆದು ಆಫೀಸೆಲ್ಲ ಕೆರೆಯಾಯಿತು. ಕಡತಗಳನ್ನು ಮೇಜಿನ ಮೇಲಿಟ್ಟು ಎಲ್ಲರನ್ನೂ ಮನೆಗೆ ಕಳಿಸಿದರು. ಎರಡು ಗಂಟೆಗೆ ನನ್ನ ಕೀಯಿಂದ ಬಾಗಿಲು ತೆಗೆದು ಒಳಗೆ ಬಂದೆ. ನರಳಾಟವಿಲ್ಲ. ಅಮ್ಮನ ಕೋಣೆಗೆ ಇಣುಕಿದೆ.

ಬಾಡಿಗೆಗೆ ತಂದ ಆಸ್ಪತ್ರೆ ಮಂಚದ ಮೇಲೆ ಆಯಾ ಮಲಗಿದ್ದಾಳೆ. ಗೋಡೆಯ ಕಡೆ ಮುಖ, ಮೈತುಂಬ ಅಮ್ಮನ ಹೊದಿಕೆ, ಸಣ್ಣಗೆ ಗೊರಕೆ. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಮ್ಮ ನೆಟ್ಟಗೆ ಕೂತು ಪೇಪರು ಓದುತ್ತಿದ್ದಾಳೆ. ನಾನು ಬಾಯಿ ತೆರೆಯುವ ಮೊದಲೇ ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ಎದ್ದಳು. ವಾಕರ್ ಕಿಟಕಿಯ ಹತ್ತಿರ ಟವಲ್ ಒಣಗಿಸುವ ಕೆಲಸದಲ್ಲಿತ್ತು. ಅದರ ಕಡೆ ನೋಡದೆ ನನ್ನ ಮುಂಗೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ನಡೀತೀಯಾ!"

"ಮೆತ್ತಗೆ ಮಾತಾಡೇ. ಈಗ ತಾನೇ ಕಣ್ಣು ಹತ್ತಿದೆ."

"ಯಾವಾಗಿಂದ?"

"ಒಂದೂವರೆಯಿಂದ."

"ನಿದ್ದೆ ಅಲ್ಲಮ್ಮ, ನಿನ್ನ ನಡಿಗೆ!"

"ಹತ್ತು ಹನ್ನೆರಡು ದಿನ ಆಯ್ತು. ಮೊದಲು ಗೋಡೆ ಹಿಡ್ಕೊಂಡು, ಆಮೇಲೆ ಹಾಗೇ."

"ಮತ್ತೆ ಸಂಜೆ ನರಳೋದು?"

"ಅದು ನಿನಗೋಸ್ಕರ. ನೀನು ಶನಿವಾರ ಫಾರಂ ತುಂಬ್ತೀಯಲ್ಲ. ನಿನಗೆ ಸುಳ್ಳು ಬರೆಯೋಕೆ ಬರಲ್ಲ. ಅದಕ್ಕೇ ಹೇಳ್ಲಿಲ್ಲ."

ನಾನು ಸಿಂಕಿಗೆ ಒರಗಿದೆ. "ಈ ಮನೇಲಿ ಪೇಷಂಟ್ ಯಾರಮ್ಮ?"

"ಯಾವ ಹೊತ್ತಲ್ಲಿ?" ಎಂದಳು ಅಮ್ಮ, ನಿಜವಾಗಿ ಗೊತ್ತಿಲ್ಲದವಳ ಹಾಗೆ. "ಒಂದರಿಂದ ಮೂರು ನನ್ನ ಡ್ಯೂಟಿ. ಅಷ್ಟು ವರ್ಷ ಪಾಳಿ ಹಾಕಿದ್ದೀನಿ. ಒಬ್ಬರನ್ನೇ ಹನ್ನೊಂದು ಗಂಟೆ ಕೂರಿಸೋ ಪಾಳಿ ಯಾವ ಎಕ್ಸ್‌ಚೇಂಜಲ್ಲೂ ಇರ್ಲಿಲ್ಲ. ಅದೂ ಎಪ್ಪತ್ಮೂರು ವರ್ಷದವರನ್ನ."

"ಎಪ್ಪತ್ಮೂರಾ?"

"ನನಗಿಂತ ನಾಲ್ಕು ವರ್ಷ ದೊಡ್ಡವರು."

"ಅವಳೇ ಹೇಳಿದ್ಲಾ?"

"ಲೆಕ್ಕ ಆಮೇಲೆ ಹೇಳಿದ್ರು, ಗೊತ್ತಾಗಿದ್ದು ಮೊದಲೇ. ಎರಡು ವಾರ ಕೈ ಹಿಡ್ಕೊಂಡು ನಡೆದ್ವಿ. ಯಾರ ಕೈ ಯಾರನ್ನ ಹಿಡ್ಕೊಂಡಿದೆ ಅಂತ ಗೊತ್ತಾಗಲ್ವಾ?"

ಮೂರು ಗಂಟೆಗೆ ಸರಿಯಾಗಿ ಅಮ್ಮ ಹೋಗಿ ಅವಳ ಭುಜ ಮುಟ್ಟಿದಳು. ಕಣ್ಣು ಬಿಟ್ಟು ನನ್ನನ್ನು ಕಂಡ ಆಯಾ ಎದ್ದು ಮೊದಲು ಮಾಡಿದ್ದು, ಹಾಸಿಗೆಯ ಸುಕ್ಕು ಸರಿ ಮಾಡಿದ್ದು.

ಮಾರ್ಚ್ 12, ಬುಧವಾರ

ಇಡೀ ದಿನ ಸಿಟ್ಟು ಕಾಯ್ದುಕೊಂಡಿದ್ದೆ. ಐದು ಶನಿವಾರ ನನ್ನ ಕೈಯಿಂದ ಫಾರಂ ತುಂಬಿಸಿ, ಅದರಲ್ಲಿ ಕೊನೆಯ ಎರಡು ಸುಳ್ಳು! ಸಂಜೆ ಆಯಾ ಹೊರಡುವಾಗ ಗೇಟಿನ ಹತ್ತಿರ ಹಿಡಿದೆ. ಏಜೆನ್ಸಿಯಲ್ಲಿ ಅರವತ್ತರ ಮೇಲಿನವರನ್ನು ಇಟ್ಟುಕೊಳ್ಳುವುದಿಲ್ಲ ಎಂಬುದು ಗೊತ್ತಿಲ್ಲವೇ ಎಂದು ಕೇಳಿದೆ.

"ಗೊತ್ತು ಮೇಡಂ. ಅದಕ್ಕೇ ಅರವತ್ತು ಆಗೋಕೆ ಬಿಟ್ಟಿಲ್ಲ."

"ಈ ವಯಸ್ಸಲ್ಲಿ ಯಾರಾದ್ರೂ ಇಂಥ ಕೆಲಸ ಮಾಡ್ತಾರಾ? ವಿಶ್ರಾಂತಿ ತಗೋಬಾರದಾ?"

ಆಕೆ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. "ಅಮ್ಮಾವ್ರಿಗೆ ಐವತ್ತೆಂಟು ಒಂದೇ ಸಲ ಬಂತು. ಹಾರ ಹಾಕಿ ಮನೆಗೆ ಕಳಿಸ್ತು. ನನಗೆ ನಾಲ್ಕು ಸಲ ಬಂದಿದೆ. ಹೊಸ ಏಜೆನ್ಸಿ ಸೇರಿದಾಗೆಲ್ಲ ಐವತ್ತೆಂಟು. ಪ್ರತಿ ಸಲನೂ ಕೆಲಸಕ್ಕೇ ಕಳಿಸ್ತು."

"ಮನೇಲಿ ಯಾರಿದ್ದಾರೆ?" ಎಂದೆ, ಸುಮ್ಮನೆ.

"ಒಂದು ರೂಮು. ಅದರಲ್ಲಿ ನಾನು. ಒಂದು ದಿನ ಬಾಡಿಗೆ ನಿಂತ್ರೆ ನಾನೂ ಇಲ್ಲ." ನಗುತ್ತಲೇ ಹೇಳಿದಳು. "ಹೇಳ್ತೀರಾ ಏಜೆನ್ಸಿಗೆ?"

ಬಸ್ಸು ಬಂತು. ಅದು ಆರು ನಿಮಿಷ ಮುಂಚೆ ಬಂದಿತ್ತು, ನಮ್ಮ ಡಿಪೋದ್ದೇ. ಉತ್ತರ ಕೊಡುವುದು ಉಳಿಯಿತು.

ಮಾರ್ಚ್ 15, ಶನಿವಾರ

ರೋಗಿ ಸಹಾಯವಿಲ್ಲದೆ ನಡೆಯುತ್ತಾರೆಯೇ? ಇಲ್ಲ.

ಗೊತ್ತಿಲ್ಲದೆ ಹಾಕಿದ ಟಿಕ್ಕಿಗೂ ಗೊತ್ತಿದ್ದು ಹಾಕಿದ ಟಿಕ್ಕಿಗೂ ಆಕಾರದಲ್ಲಿ ವ್ಯತ್ಯಾಸವೇನಿಲ್ಲ.

ಅಮ್ಮ ಈಗ ಸಂಜೆ ನರಳುವುದಿಲ್ಲ. ಬಿಡುವು ಸಿಕ್ಕಿತು ಎನ್ನುತ್ತಾಳೆ.

ಮಾರ್ಚ್ 23, ಭಾನುವಾರ

ಅಣ್ಣ ಬಂದಿದ್ದ. ಬಚ್ಚಲಿಗೆ ಜಾರದ ಚಾಪೆ, ಗೋಡೆಗೆ ಹಾಕುವ ಹಿಡಿಕೆ, ತಾನೇ ಕೊರೆಯಲು ಡ್ರಿಲ್ಲಿಂಗ್ ಮಷೀನು, ಎಲ್ಲ ತಂದಿದ್ದ. ಹಿಡಿಕೆ ಸ್ವಲ್ಪ ಸೊಟ್ಟಗೆ ಕೂತಿದೆ. ಕೈತೊಳೆದು ಬಂದು, "ಎಲ್ಲಿ, ಒಂದು ನಾಲ್ಕು ಹೆಜ್ಜೆ ನಡಿ ನೋಡೋಣ," ಎಂದ. ಭಾನುವಾರವಾದರೂ ಆಯಾ ಬಂದಿದ್ದರು. ಅಮ್ಮನೇ ಕರೆಸಿದ್ದಳು, ಮಗನ ಮುಂದೆ ಎಲ್ಲ ಅಚ್ಚುಕಟ್ಟಾಗಿ ಕಾಣಲಿ ಎಂದು.

ಅಮ್ಮ ವಾಕರ್ ಹಿಡಿದು ಒಂದು ಹೆಜ್ಜೆ ಇಟ್ಟು "ಅಮ್ಮಾ" ಎಂದಳು. ಎರಡನೆಯದಕ್ಕೆ ಕಣ್ಣು ಮುಚ್ಚಿದಳು. ಮೂರನೆಯದಕ್ಕೆ ಮಂಚದ ಮೇಲೆ ಕುಸಿದಳು. ನನ್ನ ಲೆಕ್ಕದಲ್ಲಿ ಒಂದು ನರಳಾಟ ಹೆಚ್ಚಾಯಿತು, ಆದರೆ ಅಣ್ಣನ ಮುಖ ಬಿಳುಚಿತು.

"ಹತ್ತು ವಾರ ಆಯ್ತು! ಡಾಕ್ಟರಿಗೆ ಫೋನ್ ಮಾಡಿದ್ದೆ, ಎಕ್ಸ್‌ರೇಲಿ ಮೂಳೆ ಚೆನ್ನಾಗಿ ಕೂಡಿದೆ ಅಂದ್ರು. ಮತ್ತೆ ಈಯಮ್ಮ ಇಷ್ಟು ದಿನ ಏನು ಮಾಡ್ತಿದ್ರು? ನಡೆಸಬೇಕು ತಾನೇ?" ಎಂದು ನನ್ನ ಕಡೆ ತಿರುಗಿದ. "ನಾಳೆನೇ ಏಜೆನ್ಸಿಗೆ ಹೇಳ್ತೀನಿ. ಬೇರೆಯವರನ್ನ ಕಳಿಸ್ಲಿ. ಗಟ್ಟಿಮುಟ್ಟಾಗಿರೋರನ್ನ."

ಇದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಮ್ಮ ನಡೆದರೆ ಆಯಾ ಅವರ ಕೆಲಸ ಹೋಗುತ್ತದೆ ಎಂದು ಅಷ್ಟು ಜತನ ಮಾಡಿದೆವು. ನಡೆಯದಿದ್ದರೆ ತಪ್ಪು ಆಯಾ ಅವರ ಮೇಲೆ ಬೀಳುತ್ತದೆ ಎಂದು ಹದಿನೈದು ವರ್ಷದ ಸೂಪರ್‌ವೈಸರ್ ಕೂಡ ಯೋಚಿಸಿರಲಿಲ್ಲ.

"ಅವರದೇನೂ ತಪ್ಪಿಲ್ಲ ಕಣೋ," ಎಂದಳು ಅಮ್ಮ ಗಾಬರಿಯಲ್ಲಿ. "ನಂದೇ, ನನ್ನ ಮೂಳೆನೇ..."

"ಅಮ್ಮಾವ್ರೇ, ವಾಕರ್ ಬಿಡಿ," ಎಂದರು ಆಯಾ.

"ಅಕ್ಕಾ, ಸುಮ್ನಿರಿ."

"ಹನ್ನೊಂದು ಮನೆ ನೋಡಿದ್ದೀನಿ. ಏನೇನೋ ಅನ್ನಿಸ್ಕೊಂಡಿದ್ದೀನಿ. ಕೆಲಸ ಬರಲ್ಲ ಅಂತ ಮಾತ್ರ ಯಾರೂ ಅಂದಿಲ್ಲ. ಬಿಡಿ ಅದನ್ನ."

"ಸ್ವಲ್ಪ ಯೋಚನೆ ಮಾಡಿ ಅಕ್ಕ."

"ಮಾಡಿ ಆಯ್ತು. ಮೂಗು ಮುಂದಕ್ಕೆ. ಏಳಿ."

ಅಮ್ಮ ಎದ್ದಳು. ಮಂಚದಿಂದ ಬಾಗಿಲು, ಬಾಗಿಲಿಂದ ಹಾಲು, ಹಾಲಿನಲ್ಲಿ ಟೀಪಾಯಿಯನ್ನು ಒಂದು ಸುತ್ತು ಹಾಕಿ ವಾಪಸ್ಸು. ಆಯಾ ಹಿಂದೆ ಎರಡಡಿ ದೂರದಲ್ಲಿ, ಮುಟ್ಟದೆ, ಎರಡು ಕೈಯನ್ನೂ ಗಾಳಿಯಲ್ಲಿ ಸಿದ್ಧವಾಗಿ ಹಿಡಿದು ಬಂದರು. ಅವರ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ಈ ಮೊದಲು ನೋಡಿರಲಿಲ್ಲ. ನೋಡಲು ಹೋಗಿರಲಿಲ್ಲ ಎನ್ನುವುದು ಸರಿ.

ಅಣ್ಣನ ಕಣ್ಣು ಒದ್ದೆಯಾಯಿತು. ನಾಟಕ ಯಾಕೆಂದು ಕೇಳಲೂ ಅವನಿಗೆ ನೆನಪಾಗಲಿಲ್ಲ. ಆಯಾ ಅವರ ಎರಡೂ ಕೈ ಹಿಡಿದುಕೊಂಡ. "ತುಂಬ ಉಪಕಾರ ಆಯ್ತಮ್ಮ. ನಿಮ್ಮನ್ನ ಸಾಯೋ ತನಕ ಮರೆಯಲ್ಲ. ಹಾಗಾದ್ರೆ ಈ ತಿಂಗಳ ಕೊನೆಗೆ ಸಾಕಲ್ವಾ?"

ಎರಡೂ ಒಂದೇ ಉಸಿರಿನಲ್ಲಿ. ಎರಡೂ ನಿಜವಾದ ಮಾತೇ.

"ಸಾಕು ಸಾರ್," ಎಂದರು ಅವರು.

ಮಾರ್ಚ್ 24, ಸೋಮವಾರ

ಅಮ್ಮ ಇಡೀ ದಿನ ಸಿಟ್ಟಿನಿಂದ ನಡೆದಾಡಿದ್ದಾಳೆ. ಇಲ್ಲೇ ಇದ್ದುಬಿಡಿ ಎಂದಳಂತೆ. ಅವರು ಒಪ್ಪಿಲ್ಲ. "ಕೆಲಸ ಇಲ್ದಿರೋ ಮನೇಲಿ ನಾನು ಏನಂತ ಇರ್ಲಿ ಅಮ್ಮಾವ್ರೇ? ನೆಂಟಳು ಅಂತ್ಲಾ? ನೆಂಟರಿಗೆ ಮೂರನೇ ದಿನಕ್ಕೆ ನಾಚಿಕೆ ಆಗುತ್ತೆ."

ಮಾರ್ಚ್ 28, ಶುಕ್ರವಾರ

ಏಜೆನ್ಸಿಯಿಂದ ಫೋನು. ನಮ್ಮ ಡಿಪೋದ ಹಿಂದಿನ ಬೀದಿಯಲ್ಲೇ ಒಂದು ಮನೆಗೆ ಆಯಾ ಬೇಕಂತೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಭಾರೀ ಮೈಯ ಒಬ್ಬ ಹಿರಿಯರು. ಹಳೆಯ ಮನೆಯವರು ಬರೆದುಕೊಟ್ಟರೆ ಇವರನ್ನು ಅಲ್ಲಿಗೆ ಹಾಕುತ್ತಾರೆ, ಇಲ್ಲವಾದರೆ ಪಟ್ಟಿಯಿಂದ ತೆಗೆಯುತ್ತಾರೆ. ಎರಡೇ ಪ್ರಶ್ನೆ. ರೋಗಿಯನ್ನು ಎತ್ತಬಲ್ಲರೇ? ನಿಮ್ಮ ಅಂದಾಜಿನಲ್ಲಿ ವಯಸ್ಸೆಷ್ಟು?

"ಬರೀಬೇಡ," ಎಂದಳು ಅಮ್ಮ. "ಇವರೂ ಬೀಳ್ತಾರೆ, ಆ ಮನುಷ್ಯನೂ ಬೀಳ್ತಾನೆ. ಆಮೇಲೆ ನಿನ್ನ ಸಹಿ ನಿನ್ನನ್ನ ಮಲಗೋಕೆ ಬಿಡಲ್ಲ."

"ಬರೀರಿ," ಎಂದರು ಆಯಾ.

ನಾನು ಪೆನ್ನು ಹಿಡಿದು ಕೂತೆ. ಅವರು ನನ್ನನ್ನೇ ನೋಡುತ್ತಿದ್ದು, "ಮಲಗಿ," ಎಂದರು.

"ಏನು?"

"ಮಂಚದ ಮೇಲೆ ಮಲಗಿ ಮೇಡಂ. ಕೈಕಾಲು ಬಿದ್ದುಹೋಗಿದೆ ಅನ್ನೋ ಹಾಗೆ. ನನಗೆ ಸಹಾಯ ಮಾಡ್ಬೇಡಿ."

ಡಿಪೋದ ಪಾರ್ಸೆಲ್ ತಕ್ಕಡಿಯ ಪ್ರಕಾರ ನಾನು ಎಪ್ಪತ್ತೊಂದು ಕಿಲೋ. ಮಲಗಿದೆ. ಅವರು ಒಂದು ಕೈ ನನ್ನ ಹೆಗಲ ಹಿಂದಿಟ್ಟರು, ಇನ್ನೊಂದು ಮಂಡಿಯ ಮೇಲೆ. ಮಗ್ಗುಲಿಗೆ ಹೊರಳಿಸಿದರು. ಕಾಲು ಮಂಚದಿಂದ ಕೆಳಗಿಳಿಯಿತು, ಕಾಲಿನ ಭಾರಕ್ಕೇ ತಲೆ ಮೇಲೆದ್ದಿತು. ಏನಾಯಿತೆಂದು ತಿಳಿಯುವ ಮೊದಲೇ ಕೂತಿದ್ದೆ. ಅವರ ಕೈ ಒರಟಾಗಿತ್ತು, ಬೆಚ್ಚಗಿತ್ತು. ನಾನು ಮಲಗಿದ್ದಲ್ಲಿಂದ ಯಾರಾದರೂ ನನ್ನನ್ನು ಎಬ್ಬಿಸಿ ಎಷ್ಟು ವರ್ಷವಾಗಿತ್ತೋ.

"ನೋಡಿದ್ರಾ? ಎತ್ತೋದಲ್ಲ ಇದು. ಅವರ ಭಾರನೇ ಅವರನ್ನ ಏಳಿಸೋ ಹಾಗೆ ಮಾಡೋದು."

ನ್ಯಾಯವಾಗಿ ಚಪ್ಪಾಳೆ ತಟ್ಟಬೇಕಿತ್ತು. ಆದರೆ ಅವರು ಲೋಟ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋದರು. ನಲ್ಲಿ ಬಹಳ ಹೊತ್ತು ಓಡಿತು. ಬಾಗಿಲಿಂದ ನೋಡಿದೆ. ಸಿಂಕಿನ ಅಂಚು ಹಿಡಿದು, ತಲೆ ಬಗ್ಗಿಸಿ, ಉಸಿರು ತೆಗೆದುಕೊಳ್ಳುತ್ತಿದ್ದರು. ನೀರಿನ ಸದ್ದಿನಲ್ಲಿ ಅದು ನಮಗೆ ಕೇಳುವುದಿಲ್ಲ ಎಂದುಕೊಂಡಿದ್ದರು.

ಎತ್ತಬಲ್ಲರು ಎಂದು ಬರೆದೆ. ವಯಸ್ಸು ಐವತ್ತೆಂಟು ಎಂದು ಬರೆದೆ. ಸಹಿ ಹಾಕಿದೆ. ಅಮ್ಮ ನನ್ನ ಭುಜದ ಮೇಲಿಂದ ಓದಿ ಹಾಲಿಗೆ ನಡೆದಳು.

ಪ್ರಾಸ ಹುಡುಕಿದೆ. ಸಿಗಲಿಲ್ಲ.

ಮಾರ್ಚ್ 31, ಸೋಮವಾರ

ಹೊರಟರು. ಅಮ್ಮ ಗೇಟಿನವರೆಗೆ ನಡೆದು ಬಂದಳು. ಅಕ್ಕ ಅವಳ ಮುಖ ನೋಡಲಿಲ್ಲ, ಹೆಜ್ಜೆ ನೋಡುತ್ತಿದ್ದರು. "ಎಡಗಾಲು ಇನ್ನೂ ಸ್ವಲ್ಪ ಎಳೀತೀರ," ಎಂದು ಹೇಳಿ ಬಸ್ಸು ಹತ್ತಿದರು.

ಏಪ್ರಿಲ್ 9, ಬುಧವಾರ

ಹನ್ನೆರಡು ದಿನದಿಂದ ಆ ಸಹಿ ಕಾಟ ಕೊಡುತ್ತಿದೆ. ಇವತ್ತು ಊಟದ ಬಿಡುವಿನಲ್ಲಿ ತಡೆಯಲಾರದೆ ಡಿಪೋದ ಹಿಂದಿನ ಬೀದಿಗೆ ಹೋದೆ. ಎರಡಕ್ಕೆ ವಾಪಸ್ಸಿರಬೇಕು. ಗುತ್ತಿಗೆ ನವೀಕರಣದ ಕಾಗದ ಮ್ಯಾನೇಜರ ಮೇಜಿನ ಮೇಲೆ ಕೂತಿರುವ ತಿಂಗಳು ಇದು.

ಮೆಟ್ಟಿಲು ಕಿರಿದು, ಕಡಿದು. ಎರಡನೇ ಮಹಡಿಯ ತಿರುವಿನಲ್ಲಿ ಅಕ್ಕ ಮೆಟ್ಟಿಲ ಮೇಲೆ ಕೂತಿದ್ದರು, ಮಡಿಲಲ್ಲಿ ಮಾತ್ರೆಯ ಕವರು. ನನ್ನನ್ನು ಕಂಡು ಗಾಬರಿಯಾದರು.

"ಅಮ್ಮಾವ್ರು ಬಿದ್ರಾ?"

"ಇಲ್ಲ ಇಲ್ಲ. ಚೆನ್ನಾಗಿದ್ದಾಳೆ. ಅಂಗಡಿತನಕ ಒಬ್ಬಳೇ ಹೋಗಿ ಬರ್ತಾಳೆ."

"ಮತ್ತೆ ನೀವ್ಯಾಕೆ ಬಂದ್ರಿ?"

"ಊಟ ಆಯ್ತಾ ಕೇಳೋಣ ಅಂತ."

ಎರಡು ಮಹಡಿ ಹತ್ತಿ ಅದನ್ನು ಕೇಳಲು ಯಾರೂ ಬರುವುದಿಲ್ಲ ಎಂದು ಅವರಿಗೂ ಗೊತ್ತು. "ಆಯ್ತು," ಎಂದರು. ನಾನು ಪಕ್ಕದಲ್ಲಿ ಕೂತೆ. ಕೂದಲಿನ ಬುಡದಲ್ಲಿ ಬೆರಳಗಲ ಬಿಳಿ ಕಾಣುತ್ತಿತ್ತು.

"ಎತ್ತೋದು ಕಷ್ಟ ಆಗ್ತಿದೆಯಾ ಅಕ್ಕ?"

"ಎತ್ತೋದೇನಿಲ್ಲ. ಹತ್ತೋದು ಕಷ್ಟ," ಎಂದು ನಕ್ಕರು. ಪ್ರಾಸ ಈಗ ಅವರ ಪಾಲಿಗೆ ಹೋಗಿದೆ. "ಅಯ್ಯನವರು ಮಲಗಿದ್ದಾರೆ. ಎರಡು ನಿಮಿಷ ಕಣ್ಣು ಮುಚ್ಚಲಾ ಮಗಾ? ನೀನು ಇರ್ತೀಯಲ್ಲ."

ಇರುತ್ತೇನೆ ಎಂದೆ. ಗೋಡೆಗೆ ತಲೆ ಕೊಟ್ಟವರು ನಿಧಾನಕ್ಕೆ ನನ್ನ ಹೆಗಲಿಗೆ ಜಾರಿದರು. ಎರಡು ಗಂಟೆ ಆಯಿತು. ಎರಡೂಕಾಲು ಆಯಿತು. ಕೆಳಗೆ ಬಸ್ಸುಗಳು ಡಿಪೋದಿಂದ ಹೊರಡುವ ಸದ್ದು ಕೇಳುತ್ತಿತ್ತು.

ಎರಡೂವರೆಗೆ ಮೇಲಿನಿಂದ ಅಯ್ಯನವರ ಕರೆಗಂಟೆ ಬಾರಿಸಿತು. ಅಕ್ಕ ಅಲುಗಲಿಲ್ಲ. ಮತ್ತೆ ಬಾರಿಸಿತು. ಅವರ ತಲೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿ, ಮಾತ್ರೆ ತೆಗೆದುಕೊಂಡು ನಾನು ಹತ್ತಿದೆ.

ಬಾಗಿಲು ತೆರೆದಿತ್ತು. ಗೋಡೆಯುದ್ದದ ಟಿವಿ, ಚರ್ಮದ ಸೋಫಾ, ಒಳಗೆ ದೊಡ್ಡ ಮಂಚ, ಅದರ ನಡುವೆ ಒಬ್ಬ ಮುದುಕ. ಮನೆಯಲ್ಲಿ ಬೇರೆ ಯಾರೂ ಇಲ್ಲ.

"ನೀನ್ಯಾರು? ಹೊಸಬಳಾ?"

"ಮಧ್ಯಾಹ್ನದ ಪಾಳಿ," ಎಂದೆ.

"ನೀರು."

ಒಂದು ಕೈ ಹೆಗಲ ಹಿಂದೆ, ಒಂದು ಮಂಡಿಯ ಮೇಲೆ. ಮೊದಲ ಸಲ ಆಗಲಿಲ್ಲ. ಎರಡನೇ ಸಲ ಅವರು ಕೂತರು, ನನ್ನ ಸೊಂಟ ಕಿರುಗುಟ್ಟಿತು.

"ನಿನಗೆ ಕೆಲಸ ಬರಲ್ಲ," ಎಂದರು ನೀರು ಕುಡಿಯುತ್ತಾ. "ಅವಳಿಗೆ ಬರುತ್ತೆ. ಗಟ್ಟಿಮುಟ್ಟಾಗಿರೋರು ಎತ್ತಿ ಕುಕ್ಕಿ ಹೋಗ್ತಾರೆ. ಅವಳು ನಾನು ಏಳೋ ತನಕ ಕಾಯ್ತಾಳೆ. ಐವತ್ತೆಂಟಂತೆ! ನನಗೇನು ಕಣ್ಣಿಲ್ವಾ? ನಿನಗೆಷ್ಟು?"

"ನಲವತ್ತಾರು."

"ಸುಳ್ಳು ಹೇಳ್ಬೇಡ. ಈ ಕೆಲಸಕ್ಕೆ ಬರೋರೆಲ್ಲ ಹತ್ತು ಹದಿನೈದು ಕಮ್ಮಿನೇ ಹೇಳೋದು."

ನಾನು ವಾದಿಸಲಿಲ್ಲ. ಮಾತ್ರೆ ನುಂಗಿಸಿ, ಮಲಗಿಸಿ, ಲೋಟ ತೊಳೆದು ಬೋರಲು ಹಾಕಿ ಕೆಳಗಿಳಿದೆ. ಅಕ್ಕ ಇನ್ನೂ ಎದ್ದಿರಲಿಲ್ಲ. ಮೂರಾಗಲು ಹನ್ನೆರಡು ನಿಮಿಷವಿತ್ತು. ಪಕ್ಕದಲ್ಲಿ ಕೂತೆ.